ಮಾನ್ವಿ ಜಂಕ್ಷನ್ನಿನ ಗಾರ್ಡ್

ನಮ್ಮ ಮನೆಗೆ ಟಿವಿ ಬರುವುದಕ್ಕಿಂತ ಮೊದಲೇ ರಿಮೋಟು ಬಂದಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಈಗ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ರಿಮೋಟು ಕಳೆಯುತ್ತದೆ. ದಿಂಬಿನ ಕೆಳಗೆ ಸಿಗುತ್ತದೆ, ಪೇಪರಿನ ಮಡಿಕೆಯಲ್ಲಿ ಸಿಗುತ್ತದೆ, ಒಮ್ಮೆಯಂತೂ ಫ್ರಿಜ್ಜಿನಲ್ಲಿ ಸಿಕ್ಕಿತು. ಅಲ್ಲಿಟ್ಟವರು ಯಾರು ಎಂದು ವಿಚಾರಣೆ ನಡೆಸುವ ಅಗತ್ಯ ಬೀಳಲಿಲ್ಲ. ನಾನು ಆಗಷ್ಟೇ ಒಳಗಿಟ್ಟೆ ಎಂದುಕೊಂಡಿದ್ದ ಹಾಲಿನ ಪಾಕೀಟು ಟಿವಿಯ ಪಕ್ಕದಲ್ಲಿ ಕೂತಿತ್ತು.

ಹೀಗೆ ಹುಡುಕುವಾಗೆಲ್ಲ ನನಗೆ ನೆನಪಾಗುವುದು ಟಿವಿ ಅಲ್ಲ, ರೈಲು. ಎಂಬತ್ತರ ದಶಕದ ನಡುವಿನಲ್ಲಿ, ಮಾನ್ವಿಯಲ್ಲಿ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟಿದ್ದಾಗ, ನಮ್ಮ ಪಡಸಾಲೆಯಲ್ಲಿ ಒಂದು ಆಟದ ರೈಲು ಓಡುತ್ತಿತ್ತು. ಅದನ್ನು ಓಡಿಸುವ ಯಂತ್ರಕ್ಕೆ ತಂತಿಯ ಹಂಗಿರಲಿಲ್ಲ, ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಬಹುದಿತ್ತು. ನೋಡುವುದಕ್ಕೆ ಸೋಪಿನ ಡಬ್ಬಿಯ ಹಾಗಿತ್ತು. ನೋಡುವುದಕ್ಕೇನು ಬಂತು, ಅದು ಸೋಪಿನ ಡಬ್ಬಿಯೇ. ಅದರ ಕಥೆಗೆ ಹೋಗುವ ಮೊದಲು ನಮ್ಮ ಊರುಗಳ ವಿಷಯ ಸ್ವಲ್ಪ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ಅಲ್ಲಿಗೆ ರೈಲಿರಲಿಲ್ಲ. ಮದುವೆಯಾಗಿ ಹೋದದ್ದು ಮಾನ್ವಿಗೆ. ಅಲ್ಲಿಗೂ ಇರಲಿಲ್ಲ. ಎರಡೂ ಊರಿನವರು ರೈಲು ನೋಡಬೇಕೆಂದರೆ ಬಸ್ಸು ಹತ್ತಿ ರಾಯಚೂರಿಗೆ ಹೋಗಬೇಕು. ಹಾಗಿದ್ದೂ ನಾವು ಹುಡುಗಿಯರು ಶಾಲೆಯ ಬಯಲಿನಲ್ಲಿ ಆಡುತ್ತಿದ್ದುದು ಬರೀ ರೈಲಾಟ. ಒಬ್ಬಳ ಲಂಗದ ಚುಂಗನ್ನು ಇನ್ನೊಬ್ಬಳು ಹಿಡಿದು ಕೂ ಎಂದು ಕೂಗುತ್ತ ಓಡುವುದು. ಎಲ್ಲರಿಗೂ ಎಂಜಿನ್ ಆಗಬೇಕು, ಅದಕ್ಕಾಗಿ ಜಡೆ ಹಿಡಿದು ಜಗಳ. ನಾನು ಸ್ವಲ್ಪ ದುಂಡಗಿದ್ದೆ, ಓಟ ಕಡಿಮೆ. ಹಾಗಾಗಿ ನನ್ನದು ಯಾವಾಗಲೂ ಕಡೆಯ ಡಬ್ಬಿ. ತಿರುವಿನಲ್ಲಿ ಎಲ್ಲರೂ ಸರ್ರನೆ ಹೊರಳಿದರೆ ನಾನೊಬ್ಬಳು ಹಳಿ ತಪ್ಪಿ ಜಾಲಿಗಿಡದ ಕಡೆ ಹೋಗಿರುತ್ತಿದ್ದೆ. ಕಡೆಯ ಡಬ್ಬಿಗೂ ಒಂದು ಗೌರವವಿದೆ ಎಂದು ನನಗೆ ತಿಳಿದದ್ದು ನನ್ನ ಮದುವೆಯ ಮಾತುಕತೆಯ ದಿನ.

ಹುಡುಗನ ತಂದೆ ರೈಲಿನಲ್ಲಿ ಗಾರ್ಡ್ ಎಂದು ತಿಳಿದಾಗ ನಮ್ಮಜ್ಜನಿಗೆ ಅದು ಅಷ್ಟು ರುಚಿಸಲಿಲ್ಲ. ಯಾವ ಗೇಟಿನಲ್ಲಿ ಕೂರುತ್ತಾರೆ, ಕೈಗೆ ಬಂದೂಕು ಕೊಟ್ಟಿದ್ದಾರೋ ಬರೀ ಬಡಿಗೆಯೋ ಎಂದು ಬೀಗರಾಗಬೇಕಾದವರ ಮುಂದೆಯೇ ಕೇಳಿಬಿಟ್ಟ. ನಮ್ಮಪ್ಪ ನೆಲ ನೋಡತೊಡಗಿದ. ಆದರೆ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಬಂದಿದ್ದ ಆ ಮನುಷ್ಯ ಬೇಸರ ಮಾಡಿಕೊಳ್ಳಲಿಲ್ಲ. ಚಹಾದ ಬಸಿ ಕೆಳಗಿಟ್ಟು ಅಜ್ಜನ ಹತ್ತಿರ ಸರಿದು ಕೂತರು. "ಡ್ರೈವರ್ ಮುಂದ ಇರ್ತಾನ್ರಿ, ಗಾಡಿ ಓಡಸ್ತಾನ. ನಾ ಕಡೀ ಡಬ್ಬ್ಯಾಗ ಇರ್ತೀನಿ. ನಾ ಹಸಿರು ನಿಶಾನಿ ತೋರಸೋ ತನಕ ಅವ ಗಾಡಿ ಬಿಡಂಗಿಲ್ಲ" ಎಂದರು. ಅಜ್ಜ ತನ್ನ ಚಹಾ ಮುಗಿಸಿ, ಹಾಗಾದರೆ ಗಾಡಿ ನಿಮ್ಮದೇ ಅಂದಂತಾಯಿತಲ್ಲ ಎಂದ. ಮಾವನವರು ಮೀಸೆಯಲ್ಲಿ ನಕ್ಕರು. ಮಾತು ಗಟ್ಟಿಯಾಯಿತು.

ಇನ್ನು ನಮ್ಮವರು. ಅವರ ಹೆಸರು ಹೇಳುವುದಿಲ್ಲ. ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಮದುವೆ ಮುಂಜಿಗಳಲ್ಲಿ ಪ್ರಾಸದ ಒಡಪು ಕಟ್ಟಿ ಹೇಳುತ್ತಿದ್ದೆವೇ ಹೊರತು ಹೀಗೆ ಸುಮ್ಮನೆ ಬಳಸುತ್ತಿರಲಿಲ್ಲ. ಅವರು ಹುಟ್ಟಿದ್ದು ರಾಯಚೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹಳಿಯ ಪಕ್ಕದಲ್ಲಿ ಬೆಳೆದ ಎಲ್ಲ ಹುಡುಗರಂತೆ ಅವರಿಗೂ ಎಂಜಿನ್ ಡ್ರೈವರ್ ಆಗುವ ಹುಚ್ಚು. ಕಣ್ಣು ಕೈಕೊಟ್ಟವು, ದಪ್ಪ ಗಾಜಿನ ಕನ್ನಡಕ ಬಂತು, ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾದರು. ಹುಚ್ಚು ಮಾತ್ರ ಹಾಗೇ ಉಳಿಯಿತು. ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಆಗಬೇಕು. ಆತ ಬ್ರೇಕು ಒತ್ತಿದರೆ ಇವರ ಕಾಲೂ ತಾನಾಗಿ ನೆಲ ಒತ್ತುತ್ತಿತ್ತು. ಪಕ್ಕದಲ್ಲಿ ಕೂತ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಸಿರವಾರದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಮೊಮ್ಮಗನಿಗೆಂದು ಬೊಂಬಾಯಿಯಿಂದ ಕರೆಂಟಿನ ಆಟದ ರೈಲು ತರಿಸಿದ್ದರು. ಮೊಮ್ಮಗ ಅದನ್ನು ಹಳಿಯ ಮೇಲಿಗಿಂತ ಅಂಗಳದ ಮಣ್ಣಿನಲ್ಲಿ ಹೆಚ್ಚು ಓಡಿಸಿದ್ದರಿಂದ ಎಂಜಿನ್ನು ಉಸಿರು ನಿಲ್ಲಿಸಿತು. ರಿಪೇರಿ ಮಾಡಿಕೊಡಿ ಎಂದು ನಮ್ಮವರ ಹತ್ತಿರ ಕಳಿಸಿದರು. ಇವರು ಬಿಚ್ಚಿ, ತೊಳೆದು, ಜೋಡಿಸಿ, ಓಡುವಂತೆ ಮಾಡಿ ಸಿರವಾರಕ್ಕೆ ಒಯ್ಯುವಷ್ಟರಲ್ಲಿ ಮೊಮ್ಮಗನಿಗೆ ಸೈಕಲ್ಲು ಬಂದಿತ್ತು. ನೀವೇ ಇಟ್ಟುಕೊಳ್ಳಿ ಮಾಸ್ತರ್ ಎಂದರಂತೆ ಸಾಹುಕಾರರು. ಆ ದಿನ ನಮ್ಮವರು ಬಸ್ಸಿಳಿದು ಮನೆಗೆ ನಡೆದು ಬಂದ ಠೀವಿಯನ್ನು ನಾನು ನಮ್ಮ ಮದುವೆಯ ಮೆರವಣಿಗೆಯಲ್ಲೂ ಕಂಡಿರಲಿಲ್ಲ.

ಪಡಸಾಲೆಯಲ್ಲಿ ನನ್ನ ಸೀರೆಯ ಟ್ರಂಕು ಇದ್ದ ಜಾಗ ರೈಲಿಗೆ ಮಂಜೂರಾಯಿತು. ಎರಡು ಬೆಂಚಿನ ಮೇಲೆ ದನದ ಕೊಟ್ಟಿಗೆಯ ಹಳೆಯ ಬಾಗಿಲು ಹಾಸಿ, ಅದರ ಮೇಲೆ ಕೋಳಿಮೊಟ್ಟೆಯ ಆಕಾರದಲ್ಲಿ ಹಳಿ ಕೂಡಿಸಿದರು. ತಗಡು ಕತ್ತರಿಸಿ ಸ್ಟೇಷನ್ನು ಕಟ್ಟಿ, ಹಳದಿ ಬಣ್ಣದ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಮಾನ್ವಿ ಜಂಕ್ಷನ್' ಎಂದು ಬರೆದರು. ಒಂದೇ ಒಂದು ಹಳಿಯೂ ಇಲ್ಲದ ಊರು ಏಕ್‌ದಂ ಜಂಕ್ಷನ್ ಆಯಿತು. ಎಂಜಿನ್ನಿನ ಹಿಂದೆ ಮೂರು ಗೂಡ್ಸ್ ಡಬ್ಬಿ. ಅವುಗಳಲ್ಲಿ ಹುರಿದ ಶೇಂಗಾ ತುಂಬಿ ಬಿಟ್ಟರೆ ಸುತ್ತ ಕೂತವರು ತಮ್ಮ ಮುಂದೆ ಬಂದಾಗ ಎತ್ತಿಕೊಂಡು ತಿನ್ನಬಹುದಿತ್ತು. ನನಗೆ ಆ ರೈಲಿನಿಂದಾದ ಉಪಯೋಗ ಅದೊಂದೇ ಎಂದು ಆಗ ತಿಳಿದಿದ್ದೆ.

ನೌಕರಿ ಮುಗಿಸಿದ ಮೇಲೆ ಮಾವನವರೂ ಅತ್ತೆ ಶಿವಗಂಗಮ್ಮನವರೂ ನಮ್ಮ ಜೊತೆಗೇ ಇದ್ದರು. ಮಾವನವರು ಕೆಲಸ ಮಾಡಿದ್ದು ಹೆಚ್ಚಾಗಿ ಗೂಡ್ಸ್ ಗಾಡಿಗಳಲ್ಲಿ. ಗೂಡ್ಸ್ ಗಾಡಿಗೆ ಹೊರಡುವ ವೇಳೆ ಇದ್ದರೂ ಮುಟ್ಟುವ ವೇಳೆ ಇರುವುದಿಲ್ಲ. ವಾಡಿಯಲ್ಲೋ ಗುಂತಕಲ್ಲಿನಲ್ಲೋ ನಿಂತರೆ ನಿಂತೇಬಿಡುತ್ತಿತ್ತು. ಅತ್ತೆ ಮಾಡಿಟ್ಟ ರೊಟ್ಟಿ ತಣ್ಣಗಾಗಿ, ಒಣಗಿ, ಕೊನೆಗೆ ಹಪ್ಪಳವಾಗುತ್ತಿತ್ತಂತೆ. ಇದನ್ನು ಅತ್ತೆ ನನಗೆ ದೂರಿನ ದನಿಯಲ್ಲಿ ಹೇಳುತ್ತಿರಲಿಲ್ಲ, ಹವಾಮಾನದ ವರದಿಯಂತೆ ಹೇಳುತ್ತಿದ್ದರು.

ಮಾನ್ವಿಯಲ್ಲಿ ಮಾವನವರಿಗೆ ಹೊತ್ತು ಹೋಗುತ್ತಿರಲಿಲ್ಲ. ಆಗಾಗ ಬಸ್ಸು ಹಿಡಿದು ರಾಯಚೂರಿಗೆ ಹೋಗಿ, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು, ಬರುವ ಹೋಗುವ ಗಾಡಿ ನೋಡಿ ಸಂಜೆಗೆ ಮನೆಗೆ ಬರುತ್ತಿದ್ದರು. ಅವರಿಗೆ ಲಕ್ವಾ ಹೊಡೆದದ್ದೂ ಅಂಥ ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ರಾಯಚೂರಿನ ಡಾಕ್ಟರು, ಕಾಲು ನಿಧಾನಕ್ಕೆ ಬರುತ್ತದೆ, ಮಾತೂ ಬರಬಹುದು, ಆದರೆ ಬಲಗೈಯನ್ನು ಅವರೇ ಎತ್ತಿ ಎತ್ತಿ ರೂಢಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಹಾಗೇ ಬಿಗಿದು ಕಟ್ಟಿಗೆಯಾಗುತ್ತದೆ ಎಂದು ಹೇಳಿ ಕಳಿಸಿದರು.

ಮಾವನವರು ಎತ್ತಲಿಲ್ಲ. ನಾವು ಹಿಡಿದು ಎತ್ತಿದರೆ ಎಡಗೈಯಿಂದ ನಮ್ಮ ಕೈ ಸರಿಸುತ್ತಿದ್ದರು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಮೊದಮೊದಲು ಮಾತಿಗೆ ಪ್ರಯತ್ನಪಟ್ಟು ಬರೀ ದನಿ ಹೊರಟಾಗ ನಾಚಿಕೆಯಾಗಿರಬೇಕು, ಆಮೇಲೆ ಪ್ರಯತ್ನವನ್ನೂ ಬಿಟ್ಟರು. ಅಷ್ಟು ಶಿಸ್ತಿನ ಮನುಷ್ಯ ಹಾಗೆ ಕೈಚೆಲ್ಲಿ ಮಲಗಿದ್ದನ್ನು ನೋಡಲು ನನಗೆ ಭಯವಾಗುತ್ತಿತ್ತು.

ಆಗ ನಮ್ಮವರ ತಲೆಗೆ ರೈಲು ಬಂತು. ಅಪ್ಪ ಮಂಚದ ಮೇಲಿಂದಲೇ ರೈಲು ಓಡಿಸುವಂತಾದರೆ? ಗುಂಡಿ ಒತ್ತಲು ಬೆರಳು ಆಡಲೇಬೇಕು, ಬೆರಳು ಆಡಿದರೆ ಕೈ ಆಡುತ್ತದೆ. ತೊಡಕು ಒಂದೇ. ರೈಲಿನ ರೆಗ್ಯುಲೇಟರು ಗೋಡೆಯ ಪ್ಲಗ್ಗಿಗೆ ಅಂಟಿಕೊಂಡಿದ್ದ ಕರಿ ಡಬ್ಬಿ, ಅದರ ತಂತಿ ಗೇಣುದ್ದ. ಮಂಚ ಪಡಸಾಲೆಯ ಆ ತುದಿಗೆ. ತಂತಿ ಉದ್ದ ಮಾಡಿದರೆ ನಡುವೆ ಓಡಾಡುವ ನಾನು ಎಡವಿ ಬೀಳುವುದು ಖಾತ್ರಿ ಎಂದು ಇವರೇ ತೀರ್ಮಾನಿಸಿದರು. ನನ್ನ ನಡಿಗೆಯ ಮೇಲೆ ಅಷ್ಟು ವಿಶ್ವಾಸ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ರಸೂಲ್ ಸಾಬರದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅವರ ಅಳಿಯ ಸೌದಿಯಿಂದ ತಂದಿದ್ದ ಆಟದ ಕಾರೊಂದು ಚಕ್ರ ಮುರಿದುಕೊಂಡು ಅಲ್ಲೇ ಬಿದ್ದಿತ್ತು. ತಂತಿಯಿಲ್ಲದೆ ದೂರದಿಂದ ಗುಂಡಿ ಒತ್ತಿ ಓಡಿಸುವ ಕಾರು. ನಮ್ಮವರೂ ರಸೂಲ್ ಸಾಬರೂ ಸೇರಿ ಅದರ ಹೊಟ್ಟೆ ಬಗೆದರು. ಭಾನುವಾರ ಬಂತೆಂದರೆ ಇವರು ರಾಯಚೂರು ಬಸ್ಸು ಹತ್ತುತ್ತಿದ್ದರು. ಕಾರಿನ ಪುಟ್ಟ ಮೋಟಾರನ್ನು ತಂದು ರೆಗ್ಯುಲೇಟರಿನ ತಿರುಗಣೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದರು. ಒಂದು ಗುಂಡಿ ಒತ್ತಿದರೆ ತಿರುಗಣೆ ಬಲಕ್ಕೆ ತಿರುಗಿ ರೈಲು ಹೊರಡುತ್ತದೆ, ಇನ್ನೊಂದು ಒತ್ತಿದರೆ ಎಡಕ್ಕೆ ತಿರುಗಿ ನಿಲ್ಲುತ್ತದೆ. ಗುಂಡಿಗಳು ಮತ್ತು ಸೆಲ್ಲುಗಳು ಸೋಪಿನ ಡಬ್ಬಿಯೊಳಗೆ. ಮೇಲೊಂದು ಎಳೆದರೆ ಉದ್ದವಾಗುವ ಏರಿಯಲ್ ಕಡ್ಡಿ.

ಅದು ಮೊದಲ ಸಲ ಕೆಲಸ ಮಾಡಿದಾಗ ಪಕ್ಕದ ಮನೆಯ ರೇಡಿಯೋ ಗೊರ್ ಎಂದು ಗೊರಕೆ ಹೊಡೆಯಿತು. ಆ ಮನೆಯಾಕೆ ಬಂದು ವಾರ್ತೆಯ ಹೊತ್ತಿಗೆ ಮಾತ್ರ ನಿಮ್ಮ ರೈಲು ನಿಲ್ಲಿಸಿ ಎಂದು ವಿನಂತಿಸಿದರು. ನಾನೂ ಒಮ್ಮೆ ಓಡಿಸಿ ನೋಡಿದೆ. ಹೊರಡಿಸಲು ಬಂತು, ನಿಲ್ಲಿಸುವ ಗುಂಡಿ ಯಾವುದೆಂದು ಹುಡುಕುವಷ್ಟರಲ್ಲಿ ಎಂಜಿನ್ನು ತಿರುವಿನಲ್ಲಿ ಹಾರಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ನನ್ನ ಕೈಗೆ ಯಾರೂ ಕೊಡಲಿಲ್ಲ.

ಒಂದು ಬೆಳಿಗ್ಗೆ ನಮ್ಮವರು ಆ ಡಬ್ಬಿಯನ್ನು ಅಪ್ಪನ ಬಲಗೈಯೊಳಗಿಟ್ಟು, ಬೆರಳು ಮಡಚಿ, ಗುಂಡಿಯ ಮೇಲೆ ಹೆಬ್ಬೆರಳು ಕೂಡಿಸಿದರು. ಮಾವನವರು ಡಬ್ಬಿ ನೋಡಿದರು, ರೈಲು ನೋಡಿದರು, ಮಗನನ್ನು ನೋಡಿದರು. ಕೈ ಸಡಿಲ ಬಿಟ್ಟರು. ಡಬ್ಬಿ ಹಾಸಿಗೆಯ ಮೇಲೆ ಬಿತ್ತು. ಮರುದಿನವೂ ಅಷ್ಟೆ. ಗುಂಡಿ ಬಿಗಿಯಾಗಿದೆಯೇನೋ ಎಂದು ನಮ್ಮವರು ಅದರ ಸ್ಪ್ರಿಂಗು ಸಡಿಲ ಮಾಡಿಸಿಕೊಂಡು ಬಂದರು. ಜಾರುತ್ತಿದೆಯೇನೋ ಎಂದು ಡಬ್ಬಿಗೆ ಸೈಕಲ್ ಟ್ಯೂಬು ಸುತ್ತಿದರು. ಏನು ಮಾಡಿದರೂ ಮಾವನವರು ಎಡಗೈಯಿಂದ ಅದನ್ನು ಎತ್ತಿ ಮಗನ ಕಡೆಗೇ ಚಾಚುತ್ತಿದ್ದರು. ಒಂದು ಸಂಜೆ ನಮ್ಮವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಕನ್ನಡಕ ತೆಗೆದು ಒರೆಸುತ್ತ, "ಅಪ್ಪಗ ಇನ್ನ ಏನೂ ಬ್ಯಾಡಾಗ್ಯದ" ಎಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಆಮೇಲೆ ಅವರು ಡಬ್ಬಿಯನ್ನು ಅಪ್ಪನಿಗೆ ಕೊಡುವುದು ಬಿಟ್ಟು, ಶಾಲೆಯಿಂದ ಬಂದ ಮೇಲೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ತಾವೇ ರೈಲು ಓಡಿಸತೊಡಗಿದರು. ನೋಡುತ್ತಾ ಮಲಗಲಿ, ಅಷ್ಟಾದರೂ ಆಗಲಿ ಎಂದು. ಮಾವನವರು ಗೋಡೆಯಿಂದ ಈ ಕಡೆ ಹೊರಳಿದರು. ಆದರೆ ಜಂಕ್ಷನ್ನಿನಿಂದ ರೈಲು ಹೊರಟ ತಕ್ಷಣ ಗಂಟಲಲ್ಲಿ ಸಿಟ್ಟಿನ ದನಿ ತೆಗೆದು ಎಡಗೈಯಿಂದ ಮಂಚದ ಪಟ್ಟಿಗೆ ಬಡಿದರು. ನೋವಾಯಿತೇನೋ ಎಂದು ನಾವಿಬ್ಬರೂ ಎದ್ದೆವು. ನೋವಲ್ಲ. ರೈಲು ನಿಲ್ಲಿಸಿದರೆ ಸುಮ್ಮನಾಗುತ್ತಾರೆ, ಹೊರಡಿಸಿದರೆ ಮತ್ತೆ ಬಡಿಯುತ್ತಾರೆ. ನಿಮ್ಮ ತಂದೆಗೆ ಈ ಆಟವೇ ಬೇಡ, ಎತ್ತಿಡಿ ಎಂದು ನಾನು ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಹಸನು ಮಾಡುತ್ತಲೇ ಮಗನಿಗೆ ಹೇಳಿದರು: "ಅಲ್ಲೋ, ನಿನಗ ಗಾಡಿ ಬಿಡಂತ ಯಾರು ಹೇಳ್ಯಾರ? ಅವರು ಗಾರ್ಡು. ಅವರ್ನ ಕೇಳದ ಬಿಡಾಕತ್ತಿ ನೀ."

ನಮ್ಮವರು ಗುಂಡಿಯಿಂದ ಬೆರಳು ತೆಗೆದರು. ನಮ್ಮಜ್ಜನಿಗೆ ಒಂದು ಚಹಾ ಕುಡಿಯುವಷ್ಟರಲ್ಲಿ ಅರ್ಥವಾದದ್ದನ್ನು ನಾವು ಇಷ್ಟು ದಿನ ಮರೆತಿದ್ದೆವು. ಎಂಜಿನ್ ಓಡಿಸುವ ಆಸೆ ಮಗನದು. ತನಗೆ ಜೀವವಾದದ್ದು ಅಪ್ಪನಿಗೂ ಜೀವವಾಗಿರಬೇಕೆಂದು ಅವರು ಅಷ್ಟು ಪ್ರೀತಿಯಿಂದ, ಅಷ್ಟು ಭಾನುವಾರಗಳನ್ನು ಕಳೆದು, ಜನ್ಮದಲ್ಲಿ ಎಂಜಿನ್ನು ಮುಟ್ಟದ ಗಾರ್ಡಿನ ಕೈಗೆ ಡ್ರೈವರಿನ ಹಿಡಿಕೆ ತುರುಕಿದ್ದರು. ಅಪ್ಪ ಅದನ್ನು ಬೇಡವೆಂದು ಎಸೆದಿರಲಿಲ್ಲ. ಇದು ನಿನ್ನ ಕೆಲಸ, ನೀನು ಹಿಡಿ ಎಂದು ಮಗನಿಗೇ ಚಾಚಿದ್ದರು.

ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋಗಿ, ಯಾರದೋ ಮನೆಯಲ್ಲಿ ಉಡಿ ತುಂಬಿದ್ದ ಹಸಿರು ಕುಪ್ಪಸದ ಖಣವೊಂದನ್ನು ತಂದರು. ಅದನ್ನು ಸಣ್ಣ ಕೋಲಿಗೆ ಕಟ್ಟಿ ಮಾವನವರ ಮುಂದೆ ಹಿಡಿದರು. ಮಾವನವರು ಎಡಗೈ ಚಾಚಿದರು. ಅತ್ತೆ ಕೊಡಲಿಲ್ಲ. ಬಲಗೈಯ ಬೆರಳುಗಳ ನಡುವೆ ಕೂಡಿಸಿದರು. ಆಮೇಲೆ ಮಗನ ಕೈಯಿಂದ ಸೋಪಿನ ಡಬ್ಬಿ ಕಸಿದುಕೊಂಡು ಸ್ಟೂಲಿನ ಮೇಲೆ ತಾವೇ ಕೂತರು. "ಇವತ್ತಿಂದ ಗಾಡಿ ನಾ ಬಿಡ್ತೀನಿ. ನಿಶಾನಿ ಕಾಣಬೇಕು ನೋಡ್ರಿ" ಎಂದರು.

ಆ ಸಂಜೆ ಕೋಲು ಹಾಸಿಗೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಮಾವನವರ ಹಣೆಯಲ್ಲಿ ಬೆವರು ಬಂದಿತ್ತು. ಅತ್ತೆ ಗುಂಡಿ ಒತ್ತಿದರು, ರೈಲು ಒಂದು ಸುತ್ತು ಬಂತು, ಮಂಚದ ಪಟ್ಟಿಗೆ ಯಾರೂ ಬಡಿಯಲಿಲ್ಲ.

ಅತ್ತೆಯಂಥ ಕಟ್ಟುನಿಟ್ಟಿನ ಡ್ರೈವರು ಯಾವ ರೈಲ್ವೆಯಲ್ಲೂ ಇದ್ದಿರಲಾರರು. ನಾಲ್ಕು ಬೆರಳು ಎತ್ತುವುದು ರೂಢಿಯಾಗುತ್ತಿದ್ದ ಹಾಗೆ ಸ್ಟೂಲು ಬಿಟ್ಟು ಎದ್ದು ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಅಲ್ಲಿಗೆ ನಿಶಾನಿ ಕಾಣಬೇಕಾದರೆ ಮಂಚದ ಪಟ್ಟಿಯ ಮೇಲಕ್ಕೆ ಬರಬೇಕು. ಅದೂ ಬಂತು. ಆಮೇಲೆ ಅಡುಗೆಮನೆಗೆ ಹೋದರು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಮೋಟುಗೋಡೆ. ಒಲೆಯ ಮುಂದೆ ಕೂತವರಿಗೆ ಆ ಗೋಡೆಯ ಮೇಲಿರುವುದಷ್ಟೇ ಕಾಣುತ್ತದೆ. ಡಬ್ಬಿಯನ್ನು ಹಿಟ್ಟಿನ ಕೈಗೆ ಸಿಗುವಂತೆ ಪಕ್ಕದಲ್ಲಿಟ್ಟುಕೊಂಡು, ರೊಟ್ಟಿ ಬಡಿಯುತ್ತ, ಆಗಾಗ ಗೋಡೆಯ ಕಡೆ ಕತ್ತೆತ್ತಿ, "ಕಾಣವಲ್ದು" ಎನ್ನುತ್ತಿದ್ದರು. ನಿಜವಾಗಿ ಕಾಣುತ್ತಿದ್ದಾಗಲೂ ಕೆಲವು ಸಲ ಹಾಗೆಂದದ್ದನ್ನು ನಾನು ಬಲ್ಲೆ. ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದವಳು ನಾನೇ. ಆ ಕಡೆಯಿಂದ ಉಸಿರು ಬಿಗಿಹಿಡಿದ ಸದ್ದು, ಮಂಚದ ಕಿರುಗುಟ್ಟುವಿಕೆ, ಮತ್ತೆ ಹಸಿರು ಚುಂಗು ಗೋಡೆಯ ಮೇಲೆ ಇಣುಕುವುದು. ಆಗ ಡಬ್ಬಿಯ ಗುಂಡಿಗೆ ಹಿಟ್ಟು ಮೆತ್ತುತ್ತಿತ್ತು.

ನಮ್ಮವರು ಒಮ್ಮೆ, ಯವ್ವಾ ಅಷ್ಟು ಸತಾಯಿಸಬೇಡ ಎಂದರು. ಅತ್ತೆ ನನ್ನ ಕಡೆ ಬಾಗಿ ಮೆಲ್ಲಗೆ, ಆ ಕೈ ಬಿದ್ದರೆ ಮನುಷ್ಯನೇ ಬಿದ್ದ ಹಾಗೆ, ನಾ ಬಿಡುವುದಿಲ್ಲ ಎಂದರು. ಹೇಳುವಾಗ ರೊಟ್ಟಿ ಹರಿದು ಎರಡಾಯಿತು. ಅತ್ತೆಯ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಅತ್ತೆ ಅಡುಗೆಮನೆಯನ್ನೂ ದಾಟಿ ಹಿತ್ತಲಿಗೆ ಹೋದರು. ಬೇವಿನ ಗಿಡದ ಕೆಳಗೆ ಒಗೆಯುವ ಕಲ್ಲು. ಅದರ ಮೇಲೆ ಡಬ್ಬಿ ಹಿಡಿದು ಕೂತರು. ಮಂಚದಿಂದ ನೋಡಿದರೆ ಎರಡು ಬಾಗಿಲು ದಾಟಿ ಅವರ ಸೆರಗಷ್ಟೇ ಕಾಣುತ್ತಿತ್ತು. ಅಷ್ಟು ದೂರಕ್ಕೆ ನಿಶಾನಿ ಕಾಣಬೇಕಾದರೆ ಕೈ ಪೂರ್ತಿ, ಭುಜದ ಮೇಲಕ್ಕೆ, ತಲೆಯ ಮಟ್ಟ ದಾಟಬೇಕು. ರಜೆಯ ದಿನ, ನಾವಿಬ್ಬರೂ ಪಡಸಾಲೆಯಲ್ಲಿದ್ದೆವು. ಮಾವನವರು ಮಂಚದ ಮೇಲೆ ಎದ್ದು ಕೂತರು. ಕೈ ಎತ್ತತೊಡಗಿದರು. ಎದೆಯ ಮಟ್ಟದಲ್ಲಿ ನಿಂತಿತು, ನಡುಗಿತು, ಮತ್ತೆ ಹೊರಟಿತು. ಕಿವಿ ದಾಟಿತು. ಕೊನೆಗೆ ಮೊಣಕೈ ನೆಟ್ಟಗಾಗಿ ಹಸಿರು ಖಣ ಅವರ ತಲೆಯ ಮೇಲೆ ಬಿಚ್ಚಿಕೊಂಡಿತು.

ರೈಲು ಹೊರಡಲಿಲ್ಲ. ಅತ್ತೆ ಹಿತ್ತಲಲ್ಲಿ ಗುಂಡಿ ಒತ್ತುತ್ತಿದ್ದುದು ನಾನು ನಿಂತಲ್ಲಿಗೆ ಕಾಣುತ್ತಿತ್ತು, ಆದರೆ ಅಷ್ಟು ದೂರದಿಂದ ಡಬ್ಬಿಯ ಮಾತು ರೈಲಿಗೆ ಕೇಳುತ್ತಿರಲಿಲ್ಲ. ಮಾವನವರು ಕೈ ಇಳಿಸಲಿಲ್ಲ. ಗಾಡಿ ಅಲುಗುವ ಮೊದಲು ಗಾರ್ಡ್ ನಿಶಾನಿ ಇಳಿಸುವುದಿಲ್ಲ. ತೋಳು ಗಡಗಡ ನಡುಗುತ್ತಿತ್ತು. ನಮ್ಮವರು ರೆಗ್ಯುಲೇಟರನ್ನು ಕೈಯಿಂದಲೇ ತಿರುಗಿಸಲು ಹೊರಟರು. ನಾನು ಅವರ ಮುಂಗೈ ಗಟ್ಟಿಯಾಗಿ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ, ಅದು ನಮ್ಮ ಗಾಡಿ ಅಲ್ಲ ಎನಿಸಿತು.

ಅತ್ತೆ ಎದ್ದರು. ಗುಂಡಿ ಒತ್ತಿ ಹಿಡಿದುಕೊಂಡೇ ನಡೆಯುತ್ತ ಬಂದರು. ಹಿತ್ತಲ ಬಾಗಿಲು ದಾಟಿದರು, ಒಲೆ ದಾಟಿದರು. ಆ ತೂಕದ ಹೆಂಗಸು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಮೋಟುಗೋಡೆಯ ಹತ್ತಿರ ಬಂದಾಗ ರಬ್ಬರ್ ಬ್ಯಾಂಡು ಕಿರ್ ಎಂದು ತಿರುಗಿತು. ಮಾನ್ವಿ ಜಂಕ್ಷನ್ನಿನಿಂದ ರೈಲು ಹೊರಟಿತು.

ಮಾವನವರು ಆಗ ಕೈ ಇಳಿಸಿದರು. ಅತ್ತೆಯ ಕಡೆ ತಿರುಗಿ, ತುಟಿಯನ್ನು ಕಷ್ಟಪಟ್ಟು ಕೂಡಿಸಿ, ತಿಂಗಳುಗಟ್ಟಲೆ ನಾವು ಕೇಳದಿದ್ದ ದನಿಯಲ್ಲಿ ಹೇಳಿದರು:

"ಲೇಟ್ ಮಾಡಿದಿ."

ಅತ್ತೆ ಮಂಚದ ಅಂಚಿಗೆ ಕೂತು, ಇನ್ನೂ ನಡುಗುತ್ತಿದ್ದ ಆ ಬಲಗೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಿಮ್ಮಷ್ಟು ಮಾಡಿಲ್ಲ ಬಿಡ್ರಿ" ಎಂದರು.

ರೈಲು ಸುತ್ತುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.